ಹೆಬ್ಬೆಟ್ಟು ಬೀಳದ ಗೇಟು

ಉಕ್ಕಡಗಾತ್ರಿ ಅಜ್ಜಯ್ಯನ ಮೇಲೆ ಆಣೆ ಮಾಡಿ ಹೇಳುತ್ತೇನೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಇದ್ದರೆ ಆ ಅಜ್ಜಯ್ಯ ಊರೂರಿನವರಿಂದ ಬಿಡಿಸಿದ ದೆವ್ವಗಳನ್ನೆಲ್ಲ ಸಾಲಾಗಿ ನನ್ನ ಮನೆಗೆ ಕಳಿಸಲಿ. ಮನೆ ಚಿಕ್ಕದು. ಅವೇ ಹೊಂದಿಕೊಂಡು ಹೋಗಬೇಕು.

ನನ್ನ ಹೆಸರು ತಿಮ್ಮೇಶ್. ಹರಿಹರದವನು. ಮೂಟೆ ಹೊರುವ ಹಮಾಲ. ನಾನು ಸುಳ್ಳು ಹೇಳುತ್ತೇನೆ ಎಂದು ಕೇರಿಯಲ್ಲಿ ಹೇಳುತ್ತಾರೆ. ಅದು ಸುಳ್ಳು.

ಆ ದಿನ ಬೆಳಿಗ್ಗೆ ನಾನು, ನಮ್ಮ ಅತ್ತಿಗೆ ಊರಮ್ಮ, ಇಬ್ಬರೂ ಬಸ್ಸು ಹಿಡಿದು ದಾವಣಗೆರೆಯ ಆನೆಕೊಂಡಕ್ಕೆ ಬಂದೆವು. ಬಸ್ಸಿಳಿದು ಬೇವಿನ ಮರದವರೆಗೆ ನಡೆಯುವಷ್ಟರಲ್ಲಿ ಅತ್ತಿಗೆ ಎಲ್ಲೆಲ್ಲೋ ಕೂತಳು. ಒಂದು ಅಂಗಡಿಯ ಕಟ್ಟೆ. ಒಂದು ಕಲ್ಲು. ಯಾರೋ ನಿಲ್ಲಿಸಿ ಹೋಗಿದ್ದ ಬೈಕು. ಕೊನೆಗೆ ನೆಲ. ಅವಳ ಎದೆಯೊಳಗೆ ಯಾರೋ ಪೀಪಿ ಊದುತ್ತಿದ್ದರು. ಕೈಯೆರಡನ್ನೂ ಸೆರಗಿನೊಳಗೆ ಸುತ್ತಿಟ್ಟುಕೊಂಡಿದ್ದಳು.

ಹೊರಡುವ ಮೊದಲೇ ಹೇಳಿದ್ದಳು: “ನನಗೆ ಉಸುರಿಲ್ಲ. ನಿನಗೆ ಬಾಯಿ ಐತೆ. ಆ ಹೆಣ್ಣುಮಕ್ಕಳಿಗೆ ಇದ್ದಿದ್ದು ಇದ್ದಂಗೆ ಹೇಳು. ಹೋಗಾದು ಬಿಡಾದು ಅವರಿಗೆ ಸೇರಿದ್ದು. ನಡುವೆ ನಿನ್ನ ಸುಳ್ಳು ಸೇರ್ಸಿದ್ಯೋ, ಅಲ್ಲೇ ಹೇಳ್ತೀನಿ ನೋಡು.”

ಬೇವಿನ ಮರದ ಕೆಳಗೆ ಹೆಂಗಸರು ಬುತ್ತಿ ಹಿಡಿದು ನಿಂತಿದ್ದರು. ಹರಿಹರದ ಫ್ಯಾಕ್ಟರಿಯ ವ್ಯಾನು ಅವರನ್ನು ಕರೆದೊಯ್ಯಲು ಬರುವುದಿತ್ತು. ಅಲ್ಲಿ ಅವರಿಗೆ ಮೊದಲ ದಿನ. ಎಲ್ಲರಿಗಿಂತ ಮುಂದೆ ಒಬ್ಬಳು ಕಲ್ಲಿನ ಮೇಲೆ ಕೂತಿದ್ದಳು. ಹೆಸರು ಸುನೀತಾ. ಸೀರೆ ಅಂಗಡಿಯಲ್ಲಿ ಬೆಳಗಿಂದ ಸಂಜೆವರೆಗೆ ನಿಂತೂ ನಿಂತೂ ಕಾಲು ಊದಿ, ಆ ಕೆಲಸ ಬಿಟ್ಟವಳು. ಉಗುರಿಗೆ ಕೆಂಪು ಬಣ್ಣ ಹಚ್ಚಿದ್ದಳು.

“ವ್ಯಾನಿಗೇನವ್ವಾ?” ಎಂದೆ.

“ಹೂಂ ಅಣ್ಣ. ನೀವೂ ಬರ್ತೀರಾ?”

“ಇಲ್ಲವ್ವ. ನಾವು ಅಲ್ಲಿಂದ ಬಂದೋರು.”

ಅವಳು ಅತ್ತಿಗೆಯನ್ನು ನೋಡಿದಳು. ಅತ್ತಿಗೆ ಉಸಿರೆಳೆಯುತ್ತಿದ್ದಳು.

“ಅಲ್ಲಿ ಕೂತು ಮಾಡೋ ಕೆಲ್ಸ ಅಂದ್ರು,” ಅಂದಳು ಸುನೀತಾ. “ತೌಡು ಬೂಸಾದ್ದು. ಧೂಳು ಇಲ್ಲ, ನಾತ ಇಲ್ಲ ಅಂದ್ರು.”

“ಕೂತೇ ಮಾಡಾದು. ಸುಳ್ಳಲ್ಲ. ವ್ಯಾನ್ ಎಲ್ಲಿಗೆ ಬಂತಂತೆ?”

“ಇನ್ನೂ ಹರಿಹರ ಬಿಟ್ಟಿಲ್ಲಂತೆ.”

“ಹಂಗಾರೆ ಹೊತ್ತು ಐತೆ. ಕೇಳು.”

ಹೇಳತೊಡಗಿದೆ.

ಆ ಫ್ಯಾಕ್ಟರಿ ಎಂದರೆ ಬೂಷ್ಟು ಸಾಕುವ ಕೊಟ್ಟಿಗೆ. ನಂದಿಗುಡಿ ಕಡೆಯ ಭತ್ತದ ತೌಡು, ಗಿರಣಿಯ ಗೋಧಿ ಬೂಸಾ, ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು, ಎಲ್ಲ ಅಲ್ಲಿಗೆ ಬರುತ್ತದೆ. ನನ್ನ ಬೆನ್ನ ಮೇಲೆ ಬರುತ್ತದೆ. ಅದನ್ನು ನೀರು ಹಾಕಿ ಕಲಸಿ, ದೊಡ್ಡ ಡ್ರಮ್ಮಿನಲ್ಲಿ ಆವಿ ಹಾಯಿಸಿ ಬೇಯಿಸುತ್ತಾರೆ. ಉಪ್ಪಿಟ್ಟಿನಂತೆ ತಟ್ಟೆಗಳಲ್ಲಿ ಹರಡುತ್ತಾರೆ. ಆರಿದ ಮೇಲೆ ಬೂಷ್ಟಿನ ಬೀಜ ಉದುರಿಸುತ್ತಾರೆ. ನಮ್ಮ ಹೆಂಗಸರು ಅದನ್ನು ಹೆಪ್ಪು ಹಾಕುವುದು ಎನ್ನುತ್ತಾರೆ. ಕೋಣೆಯಲ್ಲಿ ಗಾಳಿ ಆಡುವುದಿಲ್ಲ. ಸೆಕೆ, ತೇವ. ಮೊದಲು ಬಿಳಿ ಹತ್ತಿಯಂತೆ ಬರುತ್ತದೆ. ಬಿಟ್ಟರೆ ಹಳದಿ ಹಸಿರು ಹುಡಿಯಾಗುತ್ತದೆ.

ಆ ಬೂಷ್ಟು ತೌಡು ತಿನ್ನಲು ಒಂದು ರಸ ಬಿಡುತ್ತದೆ. ಕಂಪನಿಗೆ ಬೇಕಾದದ್ದು ಆ ರಸ. ತೊಳೆದು, ಸೋಸಿ, ಒಣಗಿಸಿದರೆ ಪುಡಿ. ಚರ್ಮ ಹದ ಮಾಡುವ ಕಾರ್ಖಾನೆಗಳಿಗೆ ಹೋಗುತ್ತದೆ. ಹಸಿ ಚರ್ಮಕ್ಕೆ ಸವರಿದರೆ ಕೂದಲಿನ ಬುಡ ತಿಂದು ಕೂದಲು ಉದುರಿಸುತ್ತದೆ. ಕಂಪನಿ ಅದಕ್ಕೆ ಎಂಜೈಮ್ ಎನ್ನುತ್ತದೆ. ನಮ್ಮ ಹೆಂಗಸರು ತಿನ್ನುಪುಡಿ ಎನ್ನುತ್ತಾರೆ.

ನಮ್ಮಜ್ಜ ಸತ್ತ ದನದ ಚರ್ಮವನ್ನು ಸುಣ್ಣದ ಗುಂಡಿಯಲ್ಲಿ ನೆನೆಹಾಕಿ ಕೂದಲು ಹೆರೆಯುತ್ತಿದ್ದ. ನಾತ ಎಂದು ಊರು ಅವನನ್ನು ದೂರ ಇಟ್ಟಿತು. ಈಗ ಗುಂಡಿ ಹೋಯಿತು, ಟೈಲ್ಸ್ ಕೋಣೆ ಬಂತು. ಕೂದಲು ತೆಗೆಯುವ ಕೆಲಸ ಮಾತ್ರ ದಾರಿ ಕೇಳಿಕೊಂಡು ಮತ್ತೆ ನಮ್ಮ ಕೇರಿಗೇ ಬಂತು. ಅಜ್ಜ ಹೆರೆದದ್ದು ದನದ ಚರ್ಮ.

“ಆ ಪುಡಿಗೆ ಎಂಥಾ ಶಕ್ತಿ ಅಂದ್ರೆ,” ಎಂದೆ, “ಫ್ಯಾಕ್ಟ್ರಿ ಹಿಂದೆ ತಿಪ್ಪೆ ಮ್ಯಾಲೆ ಮಲಗಿದ್ದ ನಾಯಿ ಬೆಳಿಗ್ಗೆ ಎದ್ದು ಮೈ ಕೊಡವಿತು ನೋಡು, ಕೂದ್ಲು ಒಂದ್ಕಡೆ, ನಾಯಿ ಒಂದ್ಕಡೆ.”

“ಅದಕ್ಕೆ ಕಜ್ಜಿ ಇತ್ತು,” ಅಂದಳು ಅತ್ತಿಗೆ.

ಸುನೀತಾ ನಕ್ಕಳು. ನಾನು ನಗಲಿಲ್ಲ. ಕಥೆ ಹೇಳುವವನು ನಗಬಾರದು.

ಬೂಷ್ಟು ಬೆಳೆಯುವಾಗ ತನ್ನಷ್ಟಕ್ಕೆ ತಾನೇ ಬಿಸಿಯಾಗುತ್ತದೆ. ತೌಡು ಹೆಂಟೆ ಕಟ್ಟುತ್ತದೆ. ಹೊತ್ತಿಗೆ ಸರಿಯಾಗಿ ಕೈ ಹಾಕಿ ಹೆಂಟೆ ಒಡೆದು ತಿರುವಬೇಕು. ತಿರುವದಿದ್ದರೆ ತನ್ನ ಬಿಸಿಗೆ ತಾನೇ ಬೆಂದು ಸಾಯುತ್ತದೆ. ತಟ್ಟೆ ತಿರುವುವುದೇ ಅತ್ತಿಗೆಯ ಕೆಲಸ. ಕೂತು ಮಾಡುವ ಕೆಲಸ.

ಬರಿಗೈ. ಕೈಗವಸು ಇದ್ದವು. ಆಫೀಸಿನ ಗಾಜಿನ ಬೀರುವಿನಲ್ಲಿ ಇದ್ದವು. ಯಾರಾದರೂ ದೊಡ್ಡವರು ನೋಡಲು ಬಂದಾಗ ಹೊರಬರುತ್ತಿದ್ದವು. ಸೂಪರ್‌ವೈಸರ್ ರವಿಚಂದ್ರ ಹೇಳುತ್ತಿದ್ದ: “ಕೈಗವಸು ಹಾಕ್ಕಂಡ್ರೆ ಬಿಸಿ ಗೊತ್ತಾಗಲ್ಲ. ಬರಿಗೈ ಹಾಕ್ರಿ. ನಿಮ್ಮ ಕೈಗೆ ಏನಾಗ್ತೈತೆ? ನಿಮ್ಮವು ದಪ್ಪ ಚರ್ಮ.”

ದಪ್ಪ ಚರ್ಮಕ್ಕೆ ಏನಾಯಿತು ಎಂದರೆ, ಮೊದಲು ಬೆರಳ ತುದಿ ಬಿಳುಚಿತು. ಆಮೇಲೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರ ಎದ್ದಿತು. ಒಳಗಿನ ಚರ್ಮ ಕೆಂಪಗೆ, ನುಣ್ಣಗೆ. ಖಾರ ತಾಗಿದರೆ ಅತ್ತಿಗೆ ಚೀರುತ್ತಿದ್ದಳು. ಚಟ್ನಿ ಅರೆಯುವುದು ಬಿಟ್ಟಳು. ರೊಟ್ಟಿ ತಟ್ಟುವುದು ಬಿಟ್ಟಳು. ಅನ್ನ ಕಲಸಲು ಚಮಚ ಹಿಡಿದಳು. ಕೇರಿಯವರು, ಏನವ್ವ ಊರಮ್ಮ ದೊಡ್ಡ ಆಫೀಸರ್ ಆಗ್ಯಾಳೆ, ಚಮಚದಾಗೆ ಉಣ್ತಾಳೆ ಎಂದು ನಕ್ಕರು. ಅವಳೂ ನಕ್ಕಳು. ಆಮೇಲೆ ಕೆಮ್ಮಿದಳು. ತಟ್ಟೆ ತಿರುವುವಾಗ ಹಸಿರು ಹುಡಿ ಏಳುತ್ತದೆ. ಸೆರಗು ಮೂಗಿಗೆ ಕಟ್ಟಿದರೆ ಸಂಜೆಗೆ ಸೆರಗೂ ಹಸಿರು. ಸೆರಗು ದಾಟಿದ ಹುಡಿ ಎದೆಯೊಳಗೆ ಹೆಪ್ಪು ಹಾಕಿತು.

ಸುನೀತಾಳ ಫೋನು ಬಡಿದುಕೊಂಡಿತು. ಕೇಳಿ ಇಟ್ಟಳು.

“ವ್ಯಾನ್ ಹರಿಹರ ಬಿಡ್ತಂತೆ.”

“ಬಿಡ್ಲಿ,” ಎಂದೆ. “ಈಗ ಗೇಟಿನ ವಿಷಯ.”

ಗೇಟಿನಲ್ಲಿ ಹಾಜರಿಯ ಮಿಷನ್ನು. ಹೆಬ್ಬೆಟ್ಟು ಇಡಬೇಕು. ಬೆರಳು ಬಿದ್ದರೆ ಹಸಿರು ದೀಪ. ಬೀಳದಿದ್ದರೆ ಒಳಗಿನಿಂದ ಒಬ್ಬ ಹೆಂಗಸು, “ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ” ಅನ್ನುತ್ತಾಳೆ. ಬಹಳ ಮರ್ಯಾದಸ್ಥೆ. ಆ ಗೇಟಿನಲ್ಲಿ ನಮ್ಮ ಹೆಂಗಸರಿಗೆ ದಯವಿಟ್ಟು ಅಂದವಳು ಅವಳೊಬ್ಬಳೇ.

ಒಂದು ದಿನ ಅತ್ತಿಗೆಯ ಬೆರಳು ಬೀಳಲಿಲ್ಲ. ಹಿಂದೆ ಸಾಲು. ವಾಚ್‌ಮನ್ ಸೂರಪ್ಪ, “ತಲಿಗೆ ತಿಕ್ಕಿ ಇಡವ್ವ, ಎಣ್ಣೆ ಹತ್ಲಿ” ಎಂದ. ತಿಕ್ಕಿ ಇಟ್ಟಳು. ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ. ಸೀರೆಗೆ ಒರೆಸಿ ಇಟ್ಟಳು. ದಯವಿಟ್ಟು. ಇನ್ನೊಂದು ಕೈ ಇಟ್ಟಳು. ದಯವಿಟ್ಟು. ನಮ್ಮಪ್ಪನನ್ನು ಊರವರು ಹೆಬ್ಬೆಟ್ಟು ಎಂದು ನಗುತ್ತಿದ್ದರು, ಓದು ಬರದವನು ಎಂದು. ಅತ್ತಿಗೆಗೆ ಅದೂ ಇಲ್ಲವಾಯಿತು.

ರವಿಚಂದ್ರ ಬಂದ. “ಏಯ್, ಸರಿಯಾಗಿ ಒತ್ತು.”

“ಒತ್ತೀನ್ರಿ ಸಾರ್. ಬೀಳವಲ್ದು.”

ಅವನು ಜೇಬಿನಿಂದ ಪೆನ್ನು ತೆಗೆದ. ಕೈ ಮುಟ್ಟಲಿಲ್ಲ. ಪೆನ್ನಿನ ತುದಿಯನ್ನು ಅತ್ತಿಗೆಯ ಉಗುರಿನ ಮೇಲಿಟ್ಟು ಬೆರಳನ್ನು ಗಾಜಿಗೆ ಒತ್ತಿದ. ಇನ್ನೂ ಒತ್ತಿದ. ಎಳೆ ಚರ್ಮ. ಒಡೆಯಿತು. ಗಾಜಿನ ಮೇಲೆ ರಕ್ತದ ಚುಕ್ಕೆ. ಒಳಗಿನ ಹೆಂಗಸು ದಯವಿಟ್ಟು ಎಂದಳು.

“ಸೂರಪ್ಪ, ಗ್ಲಾಸ್ ಒರ್ಸು. ಡೆಟಾಲ್ ಹಾಕಿ ಒರ್ಸು,” ಎಂದ ರವಿಚಂದ್ರ. ಪೆನ್ನನ್ನು ನೋಡಿದ. ಕಸದ ಬುಟ್ಟಿಗೆ ಎಸೆದ. “ನೀನು ಹಿಂದಿನ ಗೇಟಿಂದ ಒಳಗೆ ಹೋಗು. ತಟ್ಟೆ ಕಾಯ್ದಿದಾವೆ.”

ನಾನು ಅಲ್ಲೇ ಇದ್ದೆ. ಬೆನ್ನ ಮೇಲೆ ಮೂಟೆ ಇತ್ತು.

ಸುನೀತಾ ಅತ್ತಿಗೆಯ ಕಡೆ ತಿರುಗಿದಳು. ನಾಯಿಯ ಮಾತಿಗೆ ಅಡ್ಡ ಬಂದವಳು ಇದಕ್ಕೂ ಬರುತ್ತಾಳೋ ಎಂದು ಕಾದಳು. ಅತ್ತಿಗೆ ರಸ್ತೆ ನೋಡುತ್ತಿದ್ದಳು.

“ಪೆನ್ನಿನ ಮಾತು ಖರೇನಾ ಅಮ್ಮ?”

“ನೀಲಿ ಪೆನ್ನು,” ಅಂದಳು ಅತ್ತಿಗೆ.

ಅಲ್ಲಿಂದ ಮುಂದೆ ಅವಳ ದಾರಿ ಹಿಂದಿನ ಗೇಟು. ಒಬ್ಬಳಾದ ಮೇಲೆ ಒಬ್ಬಳು, ನಮ್ಮ ಕೇರಿಯ ಹೆಂಗಸರೆಲ್ಲರ ದಾರಿಯೂ ಅದೇ ಆಯಿತು. ಕೆಲಸಕ್ಕೆ ಕೈ ಬೇಕು, ಹಾಜರಿಗೆ ಬೆರಳಿಲ್ಲ. ಶನಿವಾರ ರವಿಚಂದ್ರ ಕೂಲಿಯನ್ನು ಮೇಲಿನಿಂದ ಕೈಗೆ ಬೀಳಿಸುತ್ತಿದ್ದ. ಮಿಷನ್ನಿನ ಪ್ರಕಾರ ಒಳಗೆ ಯಾರೂ ಇರಲಿಲ್ಲ. ತಟ್ಟೆಗಳು ತಾವೇ ತಿರುಗುತ್ತಿದ್ದವು.

ಹೀಗೆ ವರ್ಷ ಕಳೆಯಿತು. ಒಂದು ಮಧ್ಯಾಹ್ನ ಅತ್ತಿಗೆ ತಟ್ಟೆಗಳ ನಡುವೆ ಬಿದ್ದಳು. ತುಟಿ ನೀಲಿ. ನಾನು ಬೆನ್ನ ಮೇಲೆ ಹೊತ್ತೆ. ತೌಡಿನ ಮೂಟೆಗಿಂತ ಹಗುರ ಇದ್ದಳು. ತೌಡಿನ ಟೆಂಪೋದಲ್ಲೇ ಇಎಸ್‌ಐ ಆಸ್ಪತ್ರೆಗೆ ಒಯ್ದೆ. ಅಲ್ಲಿ ಕಂಪನಿಗಳಲ್ಲಿ ದುಡಿಯುವವರಿಗಷ್ಟೇ ಚಿಕಿತ್ಸೆ. ಗುಮಾಸ್ತ ಕಂಪನಿಗೆ ಫೋನ್ ಮಾಡಿದ. ಸ್ಪೀಕರ್ ಹಾಕಿದ್ದ. ರವಿಚಂದ್ರನ ದನಿ ನನಗೂ ಕೇಳಿತು.

“ಊರಮ್ಮನಾ? ಆ ಹೆಂಗ್ಸು ಕೆಲ್ಸಕ್ಕೆ ಬರಾದು ಬಿಟ್ಟು ವರ್ಷದ ಮ್ಯಾಲಾತು. ಮಿಷನ್‌ನಾಗೆ ನೋಡ್ರಿ ಬೇಕಾದ್ರೆ.”

ಅತ್ತಿಗೆ ಎದುರಿನ ಬೆಂಚಿನ ಮೇಲೆ ಮಲಗಿದ್ದಳು. ಕಂಪನಿಯ ಏಪ್ರನ್ನು ಮೈಮೇಲೇ ಇತ್ತು. ಅದರ ಮೇಲೆ ಆ ಬೆಳಗಿನ ಹಸಿರು ಹುಡಿ.

ಆಕ್ಸಿಜನ್ ಕೊಟ್ಟರು. ತುಟಿ ಕೆಂಪಾದ ಮೇಲೆ ಕಳಿಸಿದರು. “ಇದು ಎದಿ ಒಳಗೆ ಬೇರು ಬಿಟ್ಟೈತೆ, ತಿಂಗಳುಗಟ್ಟಲೆ ನೋಡಬೇಕು. ಕಂಪನಿಯೋರು ‘ಈಕಿ ನಮ್ಮಲ್ಲಿ ದುಡೀತಾಳೆ’ ಅಂತ ಹೇಳಿದ್ರೆ ನಾಳೇನೇ ಸೇರಿಸ್ಕಂತೀವಿ,” ಎಂದರು ಡಾಕ್ಟರು. ಅತ್ತಿಗೆಯ ಜೀವಕ್ಕೆ ಬೇಕಾದದ್ದು ಅಷ್ಟೇ. ಒಂದು ಮಾತು. ಕಂಪನಿಯ ಬಾಯಿಂದ.

ಫೋನು ಮತ್ತೆ ಬಂತು. ಸುನೀತಾ ಕೇಳಿ, ತೊಡೆಯ ಮೇಲೆ ಮಗುಚಿ ಇಟ್ಟಳು.

“ಬಾತಿ ಹತ್ರ ಅದಾರಂತೆ. ಇನ್ನೇನು ಬಂದ್ರು.”

ಉಳಿದ ಹೆಂಗಸರು ಹತ್ತಿರ ಸರಿದಿದ್ದರು. ನಾನು ಬೇಗ ಬೇಗ ಹೇಳತೊಡಗಿದೆ.

ಮಾಲೀಕರು ಬಕ್ಕೇಶ್ ಸಾವುಕಾರರು. ಬಹಳ ಒಳ್ಳೆಯವರು. ಇದನ್ನು ಅವರೇ ಹೇಳುತ್ತಾರೆ. ರೈತರು ಸುಡುವ ಕಸದಿಂದ ಚಿನ್ನ ತೆಗೆದವರು ಎಂದು ದಾವಣಗೆರೆಯಲ್ಲಿ ಅವರಿಗೆ ಶಾಲು ಹೊದಿಸಿದ್ದರು. ಅತ್ತಿಗೆಯನ್ನು ಕರೆದುಕೊಂಡು ಹೆಂಗಸರೆಲ್ಲ ಅವರ ಮುಂದೆ ಹೋದರು. ಬಾಗಿಲ ಹೊರಗೇ ನಿಲ್ಲಿಸಿದರು. ಒಳಗೆ ಕಾರ್ಪೆಟ್ ಇತ್ತು.

“ನೋಡಮ್ಮ,” ಎಂದರು ಸಾವುಕಾರರು, “ನನಗೆ ನಿನ್ನ ಮ್ಯಾಲೆ ಸಿಟ್ಟಿಲ್ಲ. ಮನುಷ್ಯ ಸುಳ್ಳು ಹೇಳ್ತಾನೆ. ಮಿಷನ್ ಸುಳ್ಳು ಹೇಳಲ್ಲ. ಅದು ನೀನು ಬಂದಿಲ್ಲ ಅನ್ನುತ್ತೆ.”

ಅತ್ತಿಗೆ ಎರಡೂ ಕೈ ಚಾಚಿದಳು. “ಇದನ್ನ ಯಾರು ತಿಂದಿದ್ದು ಸಾವ್ಕಾರ್ರೇ?”

“ಮನೇಲಿ ಪಾತ್ರೆ ತಿಕ್ಕಾದು, ಬಟ್ಟೆ ಒಗ್ಯಾದು, ಏನೇನು ಪುಡಿ ಹಾಕ್ತೀರೋ. ನಾನು ಏನು ಹೇಳ್ಲಿ?”

ಮರುದಿನವೇ ಹಿಂದಿನ ಗೇಟಿಗೆ ಬೀಗ ಬಿತ್ತು. ಮುಂದಿನ ಗೇಟನ್ನು ಮಿಷನ್ನಿಗೇ ಜೋಡಿಸಿದರು. ಬೆರಳು ಬಿದ್ದರೆ ಗೇಟು ತಾನೇ ಸರಿಯುತ್ತದೆ. ಸಾವುಕಾರರೇ ಮೊದಲ ಬೆರಳಿಟ್ಟು ತೆಂಗಿನಕಾಯಿ ಒಡೆದರು. ಸೂರಪ್ಪನಿಗೆ ಎಲ್ಲರ ಮುಂದೆ ಹೇಳಿದರು: “ಬೆರಳು ಬೀಳ್ದೆ ನಮ್ಮಪ್ಪ ಬಂದ್ರೂ ಒಳಗೆ ಬಿಡಬ್ಯಾಡ.” ಅವರಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಸೂರಪ್ಪ ಆದರೂ ಒಂದೆರಡು ದಿನ ದಾರಿ ನೋಡಿದ. ಅಂಥ ಮನುಷ್ಯ. ಆರ್ಡರ್ ಎಂದರೆ ಆರ್ಡರ್.

ಹೊಸ ಬೆರಳಿನ ಹೆಂಗಸರನ್ನು ತರುವ ಲೆಕ್ಕಾಚಾರ ಅವರದು. ಆದರೆ ಬೂಷ್ಟು ಕಾಯುವುದಿಲ್ಲ. ಹೆಪ್ಪು ಹಾಕಿದ ತಟ್ಟೆಗಳು ಕೋಣೆಯಲ್ಲಿ ಬಿಸಿಯಾಗುತ್ತಿದ್ದವು. ರವಿಚಂದ್ರ ಓಡಿ ಬಂದ. ಗೇಟಿನ ಹೊರಗೆ ನಮ್ಮ ಹೆಂಗಸರು ಕೂತಿದ್ದರು.

“ಏಳ್ರಿ, ಏಳ್ರಿ. ಹಿಂದಿನ ಗೇಟು ತೆಗ್ಸೀನಿ. ಇವತ್ತೊಂದಿನ ಬರ್ರಿ. ತಟ್ಟೆ ಸುಡ್ತಾ ಐತೆ.”

ಯಾರೂ ಏಳಲಿಲ್ಲ.

“ಊರಮ್ಮ, ನಿನಗೇ ಹೇಳಿದ್ದು.”

ಅತ್ತಿಗೆ ಉಸಿರು ಕೂಡಿಸಿಕೊಂಡಳು. “ನಾನು ಬರಾದು ಬಿಟ್ಟು... ವರ್ಷದ ಮ್ಯಾಲಾತು ಅಂದ್ಯಲ್ಲಪ್ಪ. ಇಲ್ದೋರು... ಹೆಂಗೆ ಬರಾದು?”

“ತಮಾಷೆ ಮಾಡಬ್ಯಾಡ. ಮಾಲು ಹಾಳಾಗುತ್ತೆ.”

“ಆಗ್ಲಿ.”

“ಸಾವ್ಕಾರ್ರಿಗೆ ಏನು ಹೇಳ್ಲಿ?”

“ಮುಂದಿನ ಗೇಟಿಂದ ಬರ್ತೀವಿ. ಬೆರಳು ಇಟ್ಟು ಬರ್ತೀವಿ. ಇಲ್ಲಾಂದ್ರೆ... ಬರಲ್ಲ.”

ರವಿಚಂದ್ರ ಒಬ್ಬೊಬ್ಬಳ ಹೆಸರು ಹಿಡಿದು ಕರೆದ. ಬೈದ. ಕೈ ಮುಗಿದ. ಮತ್ತೆ ಬೈದ. ಕೇರಿಗೆ ಬರುವ ನೀರು ನಿಲ್ಲಿಸುತ್ತೇನೆ ಎಂದ. ಪೊಲೀಸರಿಗೆ ಹೇಳುತ್ತೇನೆ ಎಂದ. ಒಬ್ಬಳೂ ಏಳಲಿಲ್ಲ. ಕೋಣೆಯ ಕಿಟಕಿಯಿಂದ ಹಬೆ ಬಂತು. ಬೆಂದ ಬೂಷ್ಟಿನ ನಾತ. ಇಷ್ಟು ವರ್ಷ ನಾತ ಇಲ್ಲ ಎನ್ನುತ್ತಿದ್ದರಲ್ಲ, ಅಂದು ಹೊಳೆಯಾಚೆಗೂ ಹೋಯಿತು.

ಹರಿಹರದಲ್ಲಿ ಆ ಕೆಲಸಕ್ಕೆ ಒಬ್ಬ ಹೆಂಗಸೂ ಸಿಗಲಿಲ್ಲ. ಚರ್ಮದ ಕಾರ್ಖಾನೆಯವರು ಮಾಲು ಎಲ್ಲಿ ಎಂದು ಕೂತಿದ್ದರು. ಕೊನೆಗೆ ಸಾವುಕಾರರೇ ತೋಳು ಮಡಚಿದರು. ಆಫೀಸಿನವರನ್ನು ಕರೆದುಕೊಂಡು ತಟ್ಟೆ ಕೋಣೆಗೆ ನುಗ್ಗಿದರು. ಗಾಜಿನ ಬೀರು ತೆಗೆದರು. ಕೈಗವಸು ನೋಡಿದರು. ಎಲ್ಲವೂ ಎಡಗೈಯವು.

“ಅದು ಸುಳ್ಳು,” ಅಂದಳು ಅತ್ತಿಗೆ. “ಇದ್ದಲ್ಲೇ ಇದ್ದು ಒಂದಕ್ಕೊಂದು ಅಂಟಿದ್ವು. ಬಿಡಿಸಕೆ ಹೋದ್ರೆ ಹರಿದ್ವು.”

“ಹರಿದ್ಮ್ಯಾಲೆ ಉಳಿದಿದ್ದು ಎಡಗೈಯವು,” ಎಂದೆ.

ಆಫೀಸಿನವರಲ್ಲಿ ಒಬ್ಬನಿಗೆ ಜ್ವರ ಬಂತು. ಒಬ್ಬನಿಗೆ ಮದುವೆ ಬಂತು, ಅಣ್ಣನದು. ಉಳಿದವರು ಸಾವುಕಾರರು, ರವಿಚಂದ್ರ. ಬರಿಗೈಯಲ್ಲಿ ತಿರುವಿದರು. ಕೆಮ್ಮಿದರು. ಕಣ್ಣುಜ್ಜಿಕೊಂಡರು. ಮತ್ತೆ ತಿರುವಿದರು. ಹಠ. ಬೆಳಿಗ್ಗೆ ಬಂದರೆ ಸಂಜೆ ಹೋಗುತ್ತಿದ್ದರು. ನಮ್ಮ ಹೆಂಗಸರೂ ಬೆಳಿ‌ಗ್ಗೆ ಬಂದು ಗೇಟಿನ ಮುಂದೆ ಕೂತು ಸಂಜೆ ಏಳುತ್ತಿದ್ದರು.

“ಹುಡಿ ಮೂಗಿಗೆ ಹೋಗಿ ಹೋಗಿ ರವಿಚಂದ್ರನ ಮೀಸೆ ಪೂರಾ ಉದುರಿಹೋತು,” ಎಂದೆ.

“ಅವನೇ ತೆಗ್ಸಿದ್ದು,” ಅಂದಳು ಅತ್ತಿಗೆ. “ಹುಡಿ ಕೂರ್ತಿತ್ತು ಅಂತ.”

“ಬೆರಳು?” ಎಂದಳು ಸುನೀತಾ. ನಗುತ್ತಿರಲಿಲ್ಲ. “ಅವರ ಬೆರಳು ಏನಾದ್ವು?”

ಅಲ್ಲಿಗೇ ಬರುತ್ತಿದ್ದೆ. ನಮ್ಮ ಹೆಂಗಸರ ಬೆರಳು ಕರಗಲು ತಿಂಗಳುಗಟ್ಟಲೆ ಬೇಕಾಗಿತ್ತು. ಕಲ್ಲು ಹೊತ್ತ, ಕಳೆ ಕಿತ್ತ ಕೈ. ಸಾವುಕಾರರದು ಬೆಣ್ಣೆದೋಸೆ ಮುರಿಯುವುದಕ್ಕಿಂತ ಹೆಚ್ಚಿನ ಕೆಲಸ ಕಂಡ ಕೈ ಅಲ್ಲ. ಬೇಗ ಕರಗಿತು.

ಒಂದು ಬೆಳಿಗ್ಗೆ ಕಾರು ಗೇಟಿಗೆ ಬಂತು. ಸಾವುಕಾರರು ಇಳಿದು ಬೆರಳಿಟ್ಟರು.

ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ.

ನಮ್ಮ ಹೆಂಗಸರು ತಿರುಗಿ ನೋಡಿದರು. ಸಾವುಕಾರರು ಪಂಚೆಗೆ ಒರೆಸಿ ಇಟ್ಟರು. ದಯವಿಟ್ಟು. ಇನ್ನೊಂದು ಕೈ. ದಯವಿಟ್ಟು.

ಸೂರಪ್ಪ ಸಲಾಮು ಹೊಡೆದ. “ತಲಿಗೆ ತಿಕ್ಕಿ ಇಡ್ರಿ ಸಾವ್ಕಾರ್ರೇ. ಎಣ್ಣೆ ಹತ್ಲಿ.”

ಅವರದು ಬೋಳುತಲೆ. ಆದರೂ ತಿಕ್ಕಿ ಇಟ್ಟರು. ದಯವಿಟ್ಟು.

“ಲೇ ಸೂರಪ್ಪ, ನಿನ್ನ ಬೆರಳು ಇಟ್ಟು ಗೇಟು ತೆಗಿಯೋ.”

“ಬೆರಳು ಬೀಳ್ದೆ ನಿಮ್ಮಪ್ಪ ಬಂದ್ರೂ ಬಿಡಬ್ಯಾಡ ಅಂದೀರಿ ಸಾವ್ಕಾರ್ರೇ. ನಿಮ್ಮಪ್ಪಾರಿಗಿಂತ ನೀವು ದೊಡ್ಡೋರಾ?”

ರವಿಚಂದ್ರ ಬಂದು ತನ್ನ ಬೆರಳಿಟ್ಟ. ಆ ಹೆಂಗಸು ಅವನಿಗೂ ದಯವಿಟ್ಟು ಎಂದಳು. ಭೇದ ಮಾಡಲಿಲ್ಲ.

ಆಗ ಅತ್ತಿಗೆ ಎದ್ದಳು. ಇಬ್ಬರು ಹಿಡಿದುಕೊಂಡರು. ಸಾವುಕಾರರ ಮುಂದೆ ನಿಂತಳು. ಉಸಿರಿಗಾಗಿ ಕಾದಳು. ಎಲ್ಲರೂ ಕಾದರು.

“ಸಾವ್ಕಾರ್ರೇ. ಮಿಷನ್ ಸುಳ್ಳಾ? ನಿಮ್ಮ ಬೆರಳು ಸುಳ್ಳಾ?”

ಸಾವುಕಾರರು ಮತ್ತೊಮ್ಮೆ ಬೆರಳಿಟ್ಟರು. ದಯವಿಟ್ಟು.

“ಮಿಷನ್ ಖರೆ ಅಂದ್ರೆ... ನೀವು ಮಾಲೀಕರಲ್ಲ. ಮಿಷನ್ ಸುಳ್ಳು ಅಂದ್ರೆ... ನಾನು ಇಲ್ಲಿ ದುಡಿದೋಳು. ಒಂದ್ಸಲ ಅನ್ರಿ. ಮಿಷನ್ ಸುಳ್ಳು ಅನ್ರಿ. ನಾನು ಆಸ್ಪತ್ರಿಗೆ ಹೋಗ್ತೀನಿ. ನೀವು ಒಳಗೆ ಹೋಗ್ರಿ.”

ಎರಡು ಪದ. ಕೇರಿಯ ಕೂಸು ಕೂಡ ಆಡಬಲ್ಲ ಪದ. ಸಾವುಕಾರರು ಬಾಯಿ ತೆರೆದರು. ಅತ್ತಿಗೆಯ ಕೈ ನೋಡಿದರು, ತಮ್ಮ ಕೈ ನೋಡಿದರು. ಎರಡೂ ಒಂದೇ ತರಹ ಕೆಂಪಗಿದ್ದವು. ಕೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು. ಬಾಯಿ ಮುಚ್ಚಿದರು.

ಆಮೇಲೆ ತಿರುಗಿ ಕಾಂಪೌಂಡಿನ ಕಡೆ ನಡೆದರು. ಹಿಂದಿನ ಗೇಟಿಗೆ ಮತ್ತೆ ಬೀಗ ಬಿದ್ದಿತ್ತು, ಕೀಲಿ ಒಳಗೆ ಆಫೀಸಿನಲ್ಲಿತ್ತು.

ನಾನು ಗೋಡೆಯ ಹತ್ತಿರ ಬೆಂಡಿನ ಮೂಟೆ ಇಳಿಸುತ್ತಿದ್ದೆ.

“ತಿಮ್ಮೇಶ, ಬಗ್ಗು,” ಎಂದರು.

“ಯಾಕ್ರಿ?”

“ಬಗ್ಗೋ. ನಿನ್ನ ಬೆನ್ನ ಮ್ಯಾಲೆ ಕಾಲಿಟ್ಟು ಹತ್ತಬೇಕು.”

ಆ ಫ್ಯಾಕ್ಟರಿಯ ಒಂದೊಂದು ಕಾಳು ತೌಡನ್ನೂ ಈ ಬೆನ್ನು ಒಳಗೆ ತಂದಿತ್ತು. ಅಲ್ಲಿಯವರೆಗೆ ಯಾರು ಬಗ್ಗು ಎಂದರೂ ಬಗ್ಗಿತ್ತು. ಆ ಹೊತ್ತು ಬಗ್ಗಲಿಲ್ಲ. ನನಗೇ ಆಶ್ಚರ್ಯ.

“ಮೂಟೆ ಆದ್ರೆ ಹೊರ್ತೀನ್ರಿ,” ಎಂದೆ. “ನೀವು ಮೂಟೆ ಅಲ್ಲಲ್ರಿ.”

ನನ್ನನ್ನು ದಿಟ್ಟಿಸಿದರು. ತಾವೇ ಮೂಟೆ ಎಳೆದರು. ಒಂದರ ಮೇಲೊಂದು ಪೇರಿಸಿದರು. ಹತ್ತಿದರು. ಗೋಡೆಯ ಮೇಲೆ ಒಡೆದ ಬಾಟಲಿಯ ಗಾಜು. ಕೇರಿಯವರು ಹಾರಿ ಬಂದು ಕದ್ದಾರೆಂದು ನೆಡಿಸಿದ್ದು ಅವರೇ. ಗಾಜಿಗೆ ಪಂಚೆ ಸಿಕ್ಕಿತು. ಒಂದು ಕಾಲು ಆಚೆ, ಒಂದು ಕಾಲು ಈಚೆ. ಒಂದು ಮಾತು ಆಡುವುದಕ್ಕಿಂತ ತಮ್ಮ ಫ್ಯಾಕ್ಟರಿಗೆ ತಾವೇ ಕಳ್ಳನ ಹಾಗೆ ನುಗ್ಗುವುದು ಅವರಿಗೆ ಸುಲಭವಾಯಿತು.

ಸುನೀತಾ ನನ್ನನ್ನು ನಂಬಲಿಲ್ಲ. ನಂಬದಿದ್ದರೆ ತಪ್ಪಿಲ್ಲ. ಅತ್ತಿಗೆಯನ್ನು ಕೇಳಿದಳು.

“ಖರೆ ಹತ್ತಿದ್ರಾ ಅಮ್ಮ?”

“ಹತ್ತಿದ,” ಅಂದಳು ಅತ್ತಿಗೆ.

ಸಾವುಕಾರರನ್ನು ಅವಳು ಏಕವಚನದಲ್ಲಿ ಕರೆದದ್ದು ನಾನು ಕೇಳಿದ್ದು ಅದೇ ಮೊದಲು.

“ಆಮ್ಯಾಲೆ? ಆಸ್ಪತ್ರೆಗೆ ಸೇರಿಸ್ಕಂಡ್ರಾ?”

ಅತ್ತಿಗೆ ತಲೆಯಾಡಿಸಿದಳು. ಇಲ್ಲ. ಸೆರಗಿನಿಂದ ಕೈ ಹೊರತೆಗೆದಳು. ತೆಗೆದು, ಅಂಗೈ ಮೇಲಾಗಿ ತೊಡೆಯ ಮೇಲಿಟ್ಟಳು. ಗೆರೆಯಿಲ್ಲದ ಬೆರಳುಗಳು. ನೆಂದ ಕೆಂಪು ಕಾಗದದ ಹಾಗೆ. ಹೆಬ್ಬೆಟ್ಟಿನ ಉಗುರಿನ ಬುಡದಲ್ಲಿ ಪೆನ್ನಿನ ಗುರುತು. ಸುನೀತಾ ಆ ಬೆರಳನ್ನು ನೋಡಿದಳು. ತನ್ನ ಕೆಂಪು ಉಗುರಿನ ಹೆಬ್ಬೆಟ್ಟನ್ನು ಮಡಚಿ ಮುಷ್ಟಿಯೊಳಗೆ ಇಟ್ಟುಕೊಂಡಳು.

ವ್ಯಾನು ಬಂತು.

ರವಿಚಂದ್ರ ಇಳಿದ. ಕೈಯಲ್ಲಿ ಅಂಗೈಯಗಲದ ಹೊಸ ಮಿಷನ್ನು. ಮೀಸೆ ಇನ್ನೂ ಚಿಗುರುತ್ತಿತ್ತು. ಉದುರಿದ್ದೋ ತೆಗೆಸಿದ್ದೋ ಹೇಳುವಂತಿರಲಿಲ್ಲ. ಹೆಂಗಸರ ನಡುವೆ ಕೂತ ನಮ್ಮನ್ನು ಅವನು ನೋಡಿರಲಿಲ್ಲ.

“ಬರ್ರಮ್ಮ, ಸಾಲಾಗಿ ಬರ್ರಿ. ಇಲ್ಲೇ ಬೆರಳು ಇಟ್ಟು ಹತ್ತ್ರಿ. ಬೇಗ, ತಟ್ಟೆ ಕಾಯ್ದಿದಾವೆ.”

ಯಾರೂ ಕದಲಲಿಲ್ಲ. ಸುನೀತಾ ಎದ್ದಳು. ಇಷ್ಟು ಹೇಳಿದ್ದೂ ನೀರಿಗೆ ಹೋಯಿತು ಅಂದುಕೊಂಡೆ. ಇನ್ನೂ ಒಳ್ಳೆಯ ಭಾಗ ಉಳಿದಿತ್ತು. ಅದನ್ನಾದರೂ ಹೇಳಿ ಮುಗಿಸೋಣ ಎಂದು ಅವಸರ ಮಾಡಿದೆ.

“ಗ್ವಾಡೆ ಮ್ಯಾಲೆ ಕುಂತ ಸಾವ್ಕಾರ್ರು ಆ ಕಡಿ ನೋಡಿದ್ರು, ಈ ಕಡಿ ನೋಡಿದ್ರು...”

ಅವಳು ಬುತ್ತಿಯನ್ನು ನನ್ನ ಮಡಿಲಲ್ಲಿ ಇಟ್ಟಳು. ಬಾಗಿ ಅತ್ತಿಗೆಯ ಮಣಿಕಟ್ಟು ಹಿಡಿದಳು. ಬೆರಳು ನೋಯದ ಹಾಗೆ, ಮೇಲಕ್ಕೆ.

“ಏಳ್ರಿ ಅಮ್ಮ.”

“ಎಲ್ಲಿಗವ್ವ?”

“ಮಿಷನ್ ಹತ್ರ.”

ಅತ್ತಿಗೆ ಎದ್ದಳು. ಇಬ್ಬರೂ ನಡೆದರು. ರವಿಚಂದ್ರನ ಮುಂದೆ ನಿಂತರು. ಅವನು ಮಿಷನ್ನನ್ನು ಬೆನ್ನ ಹಿಂದೆ ಸರಿಸಿದ.

“ಸಾರ್, ಮೊದ್ಲು ಇವರದ್ದು ತಗಳ್ರಿ,” ಅಂದಳು ಸುನೀತಾ. “ಕೈ ಹಿಡ್ದು ತಗಳ್ರಿ. ಪೆನ್ನು ಬ್ಯಾಡ. ಇವರದ್ದು ಬಿದ್ದ ಮ್ಯಾಲೆ ನಮ್ಮದು.”

ಆನೆಕೊಂಡದ ಹೆಂಗಸರು ಒಬ್ಬೊಬ್ಬರಾಗಿ ಹೋಗಿ ಅತ್ತಿಗೆಯ ಹಿಂದೆ ಸಾಲು ನಿಂತರು. ಮರದ ಕೆಳಗೆ ನಾನು, ಬುತ್ತಿ. ಕೇಳುವವರು ಯಾರೂ ಇಲ್ಲ. ನಾನು ಎದ್ದು ನಿಂತು ಕೂಗಿದೆ:

“ಏ ತಂಗೀ, ನಿಲ್ಲೇ! ಕತಿ ಮುಗ್ದಿಲ್ಲ! ಗ್ವಾಡೆ ಮ್ಯಾಲಿಂದ ಸಾವ್ಕಾರ್ರು ನನ್ನ ಕಡಿ ತಿರುಗಿ ಏನಂದ್ರಪಾ ಅಂದ್ರೆ, ತಿಮ್ಮೇಶಾ, ಈ ಮಾತು ನೀನು ಯಾರಿಗಾದ್ರೂ ಹೇಳಿದ್ಯೋ...”